ನೀರು ನಕ್ಕ ದಿನ

ನಮ್ಮೂರಿನಲ್ಲಿ ಬೆಳಗ್ಗೆ ಎದ್ದವರು ಹಲ್ಲುಜ್ಜಿದ ಮೇಲೆ ಮಾಡುವ ಮೊದಲ ಕೆಲಸ ಕೊಳಕ್ಕೆ ಹೋಗಿ ಮುಖ ಇಟ್ಟು ಬರುವುದು. ಅದೇನೂ ಕಷ್ಟದ ಕೆಲಸವಲ್ಲ. ಮೆಟ್ಟಿಲ ಮೇಲೆ ಕೂತು ಬಗ್ಗಿ ನೀರಿಗೆ ಮುಖ ತೋರಿಸಿದರೆ ಸಾಕು. ನೀವು ಎದ್ದು ಮನೆಗೆ ಹೋದರೂ ಮುಖ ಅಲ್ಲೇ ಇರುತ್ತದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಊರಿನ ಮುಖಗಳೆಲ್ಲ ಒಟ್ಟಿಗೆ ನೀರಿನೊಳಗೆ ಇಳಿದು ಹೋಗುತ್ತವೆ. ಮಾರನೆಯ ದಿನ ಮತ್ತೆ ಇಡಬೇಕು. ನಾನು ಈ ಊರಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ಇದು ಯಾಕೆ ಹೀಗೆ ಎಂದು ಅತ್ತೆಯನ್ನು ಕೇಳಿದ್ದೆ. ಬೆಂಕಿ ಯಾಕೆ ಸುಡುತ್ತದೆ ಎಂದು ಕೇಳಿದವಳನ್ನು ನೋಡುವ ಹಾಗೆ ಅವರು ನನ್ನನ್ನು ನೋಡಿದರು. ಅಲ್ಲಿಗೆ ಬಾಯಿ ಮುಚ್ಚಿಕೊಂಡೆ. ನಾನು ಬಾಯಿ ಮುಚ್ಚಿಕೊಂಡ ಅಪರೂಪದ ಸಂದರ್ಭಗಳಲ್ಲಿ ಅದೂ ಒಂದು.

ಇದರಿಂದ ಅನುಕೂಲ ಬಹಳ ಇದೆ. ಕೂಲಿಗೆ ಹೋದ ತಾಯಿಯ ಮುಖವನ್ನು ಮಧ್ಯಾಹ್ನ ಅಜ್ಜಿಯರು ಕೂಸುಗಳಿಗೆ ತೋರಿಸಿ ಅಳು ನಿಲ್ಲಿಸುತ್ತಾರೆ. ಹೆಣ್ಣು ನೋಡಲು ಬಂದವರು ಮನೆಗೆ ಬರುವ ಮೊದಲು ಕೊಳಕ್ಕೆ ಹೋಗಿ ಬಂದಿರುತ್ತಾರೆ, ಗೊತ್ತಿಲ್ಲದವರ ಹಾಗೆ ನಾಟಕ ಆಡುತ್ತಾರೆ. ನಮ್ಮ ಶಾಲೆಯ ಮೇಷ್ಟ್ರು ಭಯ ಹುಟ್ಟಿಸುವಂಥ ಮುಖ ಇಡಬೇಕೆಂದು ಹುಬ್ಬು ಗಂಟುಹಾಕಿಕೊಂಡು ಬಹಳ ಹೊತ್ತು ಕೂರುತ್ತಾರೆ. ಪಾಪ, ಮಕ್ಕಳು ಬಿಡುವಿನ ಹೊತ್ತಿನಲ್ಲಿ ಅಲ್ಲಿಗೇ ಹೋಗಿ ಹೊಟ್ಟೆ ಹಿಡಿದುಕೊಂಡು ನಗುತ್ತವೆ. ಒಂದೊಂದು ಮನೆಗೂ ಅದರದೇ ಮೆಟ್ಟಿಲು, ಮನೆಯ ಒಬ್ಬೊಬ್ಬರಿಗೂ ಅವರವರದೇ ಜಾಗ. ಒಂದು ಮರ್ಯಾದೆಯನ್ನು ಮಾತ್ರ ಯಾರೂ ಮೀರುವಂತಿಲ್ಲ. ಮುಖ ಇಡುವಾಗ ಪಕ್ಕದವರ ಕಡೆ ತಿರುಗಿ ನೋಡಬಾರದು. ಅವರ ಮುಖವನ್ನು ನೀರು ನೋಡಿಕೊಳ್ಳುತ್ತದೆ, ನಿಮಗೇನು ಕೆಲಸ ಅಲ್ಲಿ, ಎನ್ನುವುದು ಊರಿನ ಮಾತು.

ನಮ್ಮ ಮನೆಯ ಮೆಟ್ಟಿಲು ಹೊಂಗೆ ಮರದ ಕೆಳಗಿದೆ. ನನ್ನ ಜಾಗ ನನ್ನ ಓರಗಿತ್ತಿ ಚೆನ್ನಾಜಮ್ಮನ ಪಕ್ಕ. ಅಕ್ಕ ಎಂದು ಕರೆಯುತ್ತೇನೆ, ಬಾಯಿಮಾತಿಗೆ. ನನ್ನ ಗಂಡನ ಅಣ್ಣನ ಹೆಂಡತಿ. ಬಾವ ತೀರಿಕೊಂಡ ಮೇಲೆ ನಾವಿಬ್ಬರೇ ಮನೆಯ ಹಿಂದಿನ ಹಜಾರದಲ್ಲಿ ಹಪ್ಪಳ ಮಾಡಿ ಮಾರುತ್ತೇವೆ. ಅವಳು ಲಟ್ಟಿಸುವುದು, ನಾನು ಹಿಟ್ಟು ಕುಟ್ಟುವುದು, ಒಣಗಿಸುವುದು. ಅವಳು ಲಟ್ಟಿಸಿದ ಹಪ್ಪಳ ಹುಣ್ಣಿಮೆ ಚಂದ್ರನ ಹಾಗೆ ಎಂದು ಊರೇ ಹೇಳುತ್ತದೆ. ನಾನು ಕುಟ್ಟಿದ ಹಿಟ್ಟಿಲ್ಲದೆ ಚಂದ್ರ ಎಲ್ಲಿಂದ ಬರುತ್ತಾನೆ ಎಂದು ನಾನು ಹೇಳುತ್ತೇನೆ. ನಮ್ಮಿಬ್ಬರಿಗೂ ಒಂದು ಕ್ಷಣ ಸರಿಹೋಗುವುದಿಲ್ಲ. ಉಪ್ಪಿಗೆ ಜಗಳ, ಬಿಸಿಲಿಗೆ ಜಗಳ, ಬೆಕ್ಕಿಗೆ ಜಗಳ. ಜಗಳವಾಡಿದ ಮಾರನೆಯ ದಿನ ನಮ್ಮಿಬ್ಬರ ಮುಖಗಳೂ ನೀರಿನಲ್ಲಿ ಪಕ್ಕಪಕ್ಕದಲ್ಲೇ ಉರಿಮೂತಿ ಮಾಡಿಕೊಂಡು ಇಡೀ ದಿನ ಇರುತ್ತವೆ. ಮಧ್ಯಾಹ್ನದ ಹೊತ್ತಿಗೆ ಇಡೀ ಊರಿಗೆ ಸುದ್ದಿ.

ಇನ್ನು ನೀರು ನಗುವ ವಿಷಯ ಹೇಳಬೇಕು. ಎಂದೋ ಒಮ್ಮೆ, ಎರಡು ಮೂರು ವರ್ಷಕ್ಕೊಮ್ಮೆ ಇರಬಹುದು, ಯಾರದೋ ಒಬ್ಬರ ಮುಖ ನೀರಿನಲ್ಲಿ ಸೊಟ್ಟಗೆ ಇರುತ್ತದೆ. ಬಾಯಿ ಒಂದು ಕಡೆಗೆ ಜಾರಿರುತ್ತದೆ, ಒಂದು ಕೆನ್ನೆ ಇಳಿಬಿದ್ದಿರುತ್ತದೆ. ಅದಕ್ಕೆ ನಮ್ಮೂರಿನವರು ನೀರು ನಕ್ಕಿತು ಎನ್ನುತ್ತಾರೆ. ಆ ಮುಖ ನೋಡಿ ನೀರಿಗೆ ನಗು ತಡೆಯಲಾಗಲಿಲ್ಲವಂತೆ, ನಕ್ಕಾಗ ಅಲುಗಿತಂತೆ, ಅದಕ್ಕೇ ಮುಖ ಸೊಟ್ಟಗಾಯಿತಂತೆ. ಅಂಥವರ ಅದೃಷ್ಟವೇ ಅದೃಷ್ಟ. ಕೊಳದ ಯಜಮಾನ ಸಣ್ಣತಮ್ಮಯ್ಯ ಹಿತ್ತಾಳೆ ತಟ್ಟೆ ಬಾರಿಸಿ ಬೀದಿ ಬೀದಿಗೆ ಸಾರುತ್ತಾರೆ. ಆ ಮನೆಯವರು ಊರಿಗೆಲ್ಲ ಬೆಲ್ಲ ಹಂಚುತ್ತಾರೆ. ನೀರು ನಕ್ಕವರು ಮಾತ್ರ ತಮ್ಮ ಮುಖವನ್ನು ಆಗಲೇ ನೋಡುವಂತಿಲ್ಲ. ಸಂಜೆ ದೀಪದ ಹೊತ್ತಿಗೆ ಹಾರ ಹಾಕಿಕೊಂಡು, ಮೇಳದ ಜೊತೆ ಹೋಗಿ, ಮುಖ ಇಳಿದು ಹೋಗುವ ಮೊದಲು ಒಂದು ಗಳಿಗೆ ನೋಡಿ ಕೈಮುಗಿದು ಬರಬೇಕು.

ಆವತ್ತು ಬೆಳಗ್ಗೆ ನಾನೂ ಅಕ್ಕನೂ ಎಂದಿನಂತೆ ಮುಖ ಇಡಲು ಕೂತೆವು. ನಾನು ನನ್ನ ಮುಖ ನೋಡಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಅಕ್ಕ ಏನೋ ಅಂದಳು. ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡು ಮಾತಾಡಿದ ಹಾಗೆ ಕೇಳಿಸಿತು. ಅವಳು ಎಲೆ ಅಡಿಕೆ ಹಾಕುವವಳಲ್ಲ. ಮರ್ಯಾದೆ ಅಂತ ಒಂದಿದೆಯಲ್ಲ, ನಾನು ತಿರುಗಿ ನೋಡಲಿಲ್ಲ. ಅಷ್ಟರಲ್ಲಿ ಅವಳ ಕೈಯಲ್ಲಿದ್ದ ತಂಬಿಗೆ ಜಾರಿ ಢಣ್ ಢಣ್ ಎಂದು ಮೆಟ್ಟಿಲು ಇಳಿದು ನೀರಿಗೆ ಬಿತ್ತು.

"ಏನಕ್ಕಾ, ಬೆಳಬೆಳಗ್ಗೇನೇ ತಂಬಿಗೆಗೆ ಸ್ನಾನ ಮಾಡಿಸ್ತಿದೀಯಾ?" ಎಂದು ಕೆಣಕಿ, ನಾನೇ ಇಳಿದು ಎತ್ತಿಕೊಂಡು ಬಂದೆ.

ಅವಳು ತಿರುಗಿ ಬೈಯಲಿಲ್ಲ. ಅದೇ ನನಗೆ ವಿಚಿತ್ರ ಅನ್ನಿಸಬೇಕಿತ್ತು. ಸೆರಗಿನಿಂದ ಅರ್ಧ ಮುಖ ಮುಚ್ಚಿ ಬಾಯಿ ಒರೆಸಿಕೊಳ್ಳುತ್ತಾ, ಒಂದು ಕಾಲು ಭಾರವಾದವಳ ಹಾಗೆ ನಿಧಾನ ಹೆಜ್ಜೆ ಹಾಕುತ್ತಾ ನನ್ನ ಹಿಂದೆ ಬಂದಳು. ಕೇಳಿದ್ದಕ್ಕೆ ಕೈ ಆಡಿಸಿ ಸುಮ್ಮನಿರು ಎಂದಳು. ಮನೆಗೆ ಬಂದು ಹಾಲು ಕಾಯಿಸಿ ಕಾಫಿ ಸೋಸುವ ಹೊತ್ತಿಗೆ ಅವಳು ಪೂರ್ತಿ ಸರಿಯಾಗಿದ್ದಳು. ಸರಿಯಾಗಿದ್ದಳು ಅಂತ ಹೇಗೆ ಗೊತ್ತಾಯಿತು ಅಂದರೆ, ಕಾಫಿಗೆ ಸಕ್ಕರೆ ಕಡಿಮೆ ಎಂದು ನನ್ನ ತವರಿನವರನ್ನೆಲ್ಲ ಎಳೆದು ತಂದು ಮಾತಾಡಿದಳು.

"ಬೆಳಗ್ಗೆ ಏನಾಗಿತ್ತಕ್ಕಾ ನಿನಗೆ?" ಎಂದೆ.

"ಏನಾಗುತ್ತೆ, ಕೈಗೆ ಜೋಮು ಹಿಡಿದಿತ್ತು. ಬಂತು, ಹೋಯ್ತು. ಅದನ್ನೇ ಹಿಡ್ಕೊಂಡು ಕೂರ್ಬೇಡ, ಹಿಟ್ಟು ತಾ."

ಹಿಟ್ಟು ಕೊಟ್ಟೆ. ಅವಳು ಲಟ್ಟಿಸಿದ ಒಂದೊಂದು ಹಪ್ಪಳವೂ ದುಂಡಗೆ, ಹುಣ್ಣಿಮೆ ಚಂದ್ರ. ನಾನೂ ಮರೆತೆ.

ಮಧ್ಯಾಹ್ನ ಊಟಕ್ಕೆ ತಟ್ಟೆ ಹಾಕುವಾಗ ಬೀದಿಯಲ್ಲಿ ಇನ್ನೊಂದು ತಟ್ಟೆಯ ಸದ್ದು ಕೇಳಿಸಿತು. ಸಣ್ಣತಮ್ಮಯ್ಯ ರುಮಾಲು ಬಿಗಿಯಾಗಿ ಸುತ್ತಿಕೊಂಡು, ಹಿತ್ತಾಳೆ ತಟ್ಟೆ ಬಾರಿಸುತ್ತಾ, ನೇರ ನಮ್ಮ ಬಾಗಿಲಿಗೇ ಬಂದರು. "ಚೆನ್ನಾಜಮ್ಮಾ, ನೀರು ನಕ್ಕಿತು ಕಣವ್ವಾ! ನಿನ್ನ ನೋಡಿ ನೀರು ನಕ್ಕಿತು!"

ಅಕ್ಕ ಅಲ್ಲೇ ಕುಸಿದು ಕೂತಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ಅವಳ ಜೀವನದಲ್ಲಿ ಇಂಥದ್ದು ಯಾವುದೂ ಬಂದಿರಲಿಲ್ಲ. ಮಕ್ಕಳಿಲ್ಲ, ಗಂಡ ಬೇಗ ಹೋದ, ಯಾರೂ ಅವಳ ಹೆಸರು ಹಿಡಿದು ಬೀದಿಯಲ್ಲಿ ತಟ್ಟೆ ಬಾರಿಸಿದ್ದಿಲ್ಲ. ಎದ್ದು ಪೆಟ್ಟಿಗೆಯಿಂದ ಹಸಿರು ರೇಷ್ಮೆ ಸೀರೆ ತೆಗೆದಳು. ನನ್ನ ಗಂಡನನ್ನು ಅಂಗಡಿಗೆ ಓಡಿಸಿ ಅಚ್ಚುಬೆಲ್ಲ ತರಿಸಿದಳು. ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ಉರಿಯಿತು. ಇಷ್ಟು ವರ್ಷ ಪಕ್ಕದಲ್ಲೇ ನನ್ನ ಮುಖವೂ ಇತ್ತಲ್ಲ, ನೀರಿಗೆ ನನ್ನನ್ನು ನೋಡಿ ನಗು ಬರಲಿಲ್ಲವೇ ಎಂದುಕೊಂಡೆ. ಆದರೂ ಸಂತೋಷವಾಯಿತು. ಅವಳ ಮುಖ ಅಷ್ಟು ಹಗುರಾಗಿದ್ದನ್ನು ನಾನು ನೋಡಿಯೇ ಇರಲಿಲ್ಲ.

ಬೆಲ್ಲ ಕುಟ್ಟಿ, ಎಳ್ಳು ಬೆರೆಸಿ, ಬಂದವರಿಗೆಲ್ಲ ಕೊಟ್ಟು ಮುಗಿಯುವಾಗ ಬಿಸಿಲು ಇಳಿದಿತ್ತು. ಅಕ್ಕ ನೋಡುವಂತಿಲ್ಲ ಸರಿ, ನಾನು ನೋಡಬಹುದಲ್ಲ ಎಂದು ಕೊಳದ ಕಡೆ ಹೋದೆ. ಜನ ಬಂದು ನೋಡಿ ಹೋಗಿದ್ದರು. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಹೊಂಗೆ ಮರದ ಕೆಳಗೆ ಕೂತು ಬಗ್ಗಿದೆ.

ನನ್ನ ಮುಖ ಇತ್ತು. ಆ ಕಡೆ ನನ್ನ ಗಂಡನ ಮುಖ, ಅರೆನಿದ್ದೆಯಲ್ಲಿ. ನಡುವೆ ಅಕ್ಕನ ಮುಖ. ಮೂಗುತಿ ಇರುವ ಕಡೆ ಬಾಯಿಯ ಅಂಚು ಕೆಳಗೆ ಜಾರಿತ್ತು. ಅದೇ ಕಡೆಯ ಕೆನ್ನೆ ಒದ್ದೆ ಬಟ್ಟೆಯಂತೆ ಜೋತುಬಿದ್ದಿತ್ತು, ರೆಪ್ಪೆ ಭಾರವಾಗಿತ್ತು. ಇನ್ನೊಂದು ಕಡೆ ಮಾತ್ರ ಬಿಗಿಯಾಗಿ, ಎಂದಿನ ಚೆನ್ನಾಜಮ್ಮನೇ. ನಗೋಣ ಎಂದು ಬಂದವಳಿಗೆ ನಗು ಬರಲಿಲ್ಲ. ಮತ್ತೆ ನೋಡಿದೆ. ಅವಳ ಓಲೆ ನೆಟ್ಟಗಿತ್ತು. ಮೂಗುತಿ ನೆಟ್ಟಗಿತ್ತು. ಹಣೆಯ ವಿಭೂತಿ ಗೆರೆ ನೆಟ್ಟಗಿತ್ತು. ಪಕ್ಕದಲ್ಲಿ ನನ್ನ ಮುಖವೂ ಅಲುಗಿರಲಿಲ್ಲ, ನನ್ನ ಗಂಡನದೂ ಅಲುಗಿರಲಿಲ್ಲ. ನೀರು ನಕ್ಕು ಅಲುಗಿದ್ದರೆ ಓಲೆ ಯಾಕೆ ಅಲುಗಲಿಲ್ಲ? ಮಣೆ ಅಲುಗಿದರೆ ಅದರ ಮೇಲಿರುವುದೆಲ್ಲ ಅಲುಗಬೇಕು. ನೀರು ಅಲುಗಿಯೇ ಇರಲಿಲ್ಲ. ನೀರು ಕಂಡದ್ದನ್ನು ಕಂಡ ಹಾಗೆ ಇಟ್ಟುಕೊಂಡಿತ್ತು, ಅಷ್ಟೇ. ಬೆಳಗ್ಗೆ ನನ್ನ ಪಕ್ಕದಲ್ಲಿ ಕೂತಿದ್ದಾಗ ಅಕ್ಕನ ಮುಖವೇ ಹಾಗಿತ್ತು.

ಆ ಬಾಯಿಯನ್ನು ನಾನು ಮೊದಲು ಎಲ್ಲೋ ನೋಡಿದ್ದೆ. ಎಲ್ಲಿ ಎಂದು ಆಗ ನೆನಪಾಯಿತು. ಬಾವನಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಾಗ ಅವರ ಬಾಯಿ ಹೀಗೇ ಇತ್ತು. ಗಂಜಿ ಕುಡಿಸಿದರೆ ಆ ಕಡೆಯಿಂದ ಸುರಿಯುತ್ತಿತ್ತು. ಮತ್ತೆ, ಅಯ್ಯೋ ದೇವರೇ, ಬಾವನನ್ನು ನೋಡಿಯೂ ನೀರು ನಕ್ಕಿತ್ತು. ಬೀದಿಯಲ್ಲಿ ತಟ್ಟೆ ಬಾರಿಸಿದ್ದರು. ಬೆಲ್ಲ ಹಂಚಿದ ಮಾರನೆಯ ಬೆಳಗ್ಗೆ ಅವರು ಜಗುಲಿಯಲ್ಲಿ ಬಿದ್ದರು. ಅಂಥವರನ್ನು ನೀರು ಇಷ್ಟಪಟ್ಟು ಬೇಗ ಕರೆದುಕೊಳ್ಳುತ್ತದೆ ಎಂದು ಊರಿನವರು ಸಮಾಧಾನ ಹೇಳಿದ್ದರು. ಎಲ್ಲರನ್ನೂ ಕರೆದುಕೊಂಡಿರಲಿಲ್ಲ, ಕೆಲವರು ನೀರು ನಕ್ಕ ಮೇಲೂ ಗಟ್ಟಿಯಾಗಿ ಬಾಳಿದ್ದರು. ಅದಕ್ಕೇ ಒಂದಕ್ಕೊಂದು ಸೇರಿಸಿ ಯೋಚನೆ ಮಾಡಲು ಯಾರಿಗೂ ಹೊಳೆದಿರಲಿಲ್ಲ. ನೀರು ಎಷ್ಟೋ ತಲೆಮಾರಿನಿಂದ ತೋರಿಸುತ್ತಲೇ ಇತ್ತು. ನಾವು ಬೆಲ್ಲ ತಿನ್ನುತ್ತಿದ್ದೆವು. ಆ ತಿಳಿನೀರಿನ ಮುಂದೆ ನನಗೆ ಭಯವೂ ಆಯಿತು, ಭಕ್ತಿಯೂ ಬಂತು, ಎರಡೂ ಒಟ್ಟಿಗೇ. ಕೈಮುಗಿಯುವುದಕ್ಕೂ ನಿಲ್ಲದೆ ಮನೆಗೆ ಓಡಿದೆ.

ಜಗುಲಿಯ ತುಂಬ ಜನ. ನಡುವೆ ಅಕ್ಕ ಹಸಿರು ಸೀರೆಯಲ್ಲಿ ಮದುಮಗಳ ಹಾಗೆ ಕೂತಿದ್ದಳು. ಪಕ್ಕದಲ್ಲಿ ಚೆಂಡುಹೂವಿನ ಹಾರ ತಯಾರಿತ್ತು.

"ಅಕ್ಕಾ, ಏಳು. ಈಗಲೇ ಆಸ್ಪತ್ರೆಗೆ ಹೋಗ್ಬೇಕು," ಎಂದೆ.

"ಯಾರಿಗೆ ಏನಾಯ್ತೇ?"

"ನಿನಗೆ ಕಣಕ್ಕಾ. ನೀರು ನಕ್ಕಿಲ್ಲ. ಬೆಳಗ್ಗೆ ನಿನ್ನ ಬಾಯಿ ಸೊಟ್ಟಗಾಗಿತ್ತು, ಕೈ ಸೋತಿತ್ತು, ಮಾತು ತೊದಲಿತ್ತು. ಬಾವನಿಗೆ ಆಯ್ತಲ್ಲ, ಅದೇ ಬಾಗಿಲು ತಟ್ಟಿ ಹೋಗಿದೆ."

ಅಕ್ಕ ಶುರುಮಾಡಿದಳು. "ನೋಡ್ರಪ್ಪಾ ನೋಡ್ರಿ, ಹೊಟ್ಟೆಕಿಚ್ಚು ಅಂದ್ರೆ ಇದು. ಒಂದೇ ಒಂದು ದಿನ, ನನ್ನ ಪಾಲಿಗೂ ಒಂದು ಒಳ್ಳೇ ದಿನ ಬಂದ್ರೆ ಇವಳ ಕಣ್ಣಿಗೆ ಹಿಡಿಸಲ್ಲ. ಲಕ್ವ ಅಂತೆ! ಬಾಯಲ್ಲಿ ಬರೋ ಮಾತಾ ಇದು? ನೋಡೇ, ಈ ಕೈ ನೋಡು, ಈ ಬಾಯಿ ನೋಡು. ಎಲ್ಲೇ ಸೊಟ್ಟ?" ಎಂದು ಎರಡೂ ಕೈ ಎತ್ತಿ ಬಳೆ ಕುಣಿಸಿ ತೋರಿಸಿದಳು. ಎಲ್ಲಿಯೂ ಸೊಟ್ಟ ಇರಲಿಲ್ಲ. ಜನ ನನ್ನ ಕಡೆ ನೋಡಿದ ನೋಟ ಹೇಳತೀರದು.

"ಶುಭದ ದಿನ ಅಡ್ಡಬಾಯಿ ಹಾಕ್ಬಾರ್ದು ಕಣಮ್ಮ," ಎಂದರು ಸಣ್ಣತಮ್ಮಯ್ಯ. ನನ್ನ ಗಂಡ ಒಳಗೆ ಹೋಗೇ ಎಂದು ಕಣ್ಣಲ್ಲೇ ಹೇಳಿದರು.

ಇಷ್ಟು ವರ್ಷ ಆಡಿದ ಒಂದೊಂದು ಜಗಳವೂ ಆ ಹೊತ್ತಿನಲ್ಲಿ ನನಗೆ ಎದುರಾಗಿ ನಿಂತಿತ್ತು. ನಾನು ಸತ್ಯ ಹೇಳಿದರೂ ಅವಳಿಗೆ ಅದು ನನ್ನ ನಾಲಿಗೆಯಿಂದಲೇ ಬರಬೇಕಲ್ಲ. ಹೊಸ್ತಿಲ ಬಳಿ ನಿಂತವಳು ಸೀದಾ ಹೋಗಿ ಎಲ್ಲರೆದುರು ಅವಳ ಕಾಲು ಹಿಡಿದುಕೊಂಡೆ. ಮದುವೆಯಾದ ದಿನ ಹಿಡಿದದ್ದು ಬಿಟ್ಟರೆ ಮತ್ತೆ ಹಿಡಿದಿರಲಿಲ್ಲ.

"ಆಸ್ಪತ್ರೆ ಬೇಡ ಬಿಡು. ಕೊಳಕ್ಕೆ ಬಾ. ದೀಪದ ಹೊತ್ತಿಗೆ ಹೋಗೋದನ್ನ ಈಗಲೇ ಹೋಗೋಣ. ನೋಡಿದ ಮೇಲೂ ನಂದು ಹೊಟ್ಟೆಕಿಚ್ಚು ಅಂದ್ರೆ ಊರ ಮುಂದೆ ನಿನ್ನ ಹತ್ರ ತಪ್ಪಾಯ್ತು ಅಂತೀನಿ, ಸಾಯೋವರೆಗೂ ನಿನಗೆ ಎದುರು ಮಾತಾಡಲ್ಲ."

ಅಕ್ಕ ಬಗ್ಗಿ ನನ್ನ ಮುಖ ನೋಡಿದಳು. ನಾನು ಇನ್ನು ಎದುರು ಮಾತಾಡುವುದಿಲ್ಲ ಎಂಬ ಆಸೆಗೋ, ಕಾಲು ಹಿಡಿದದ್ದಕ್ಕೆ ಹೆದರಿಯೋ, ಎದ್ದಳು. "ನಡಿ, ನಿನ್ನ ಹಣೆಬರಹ ಅದೂ ಆಗಿಹೋಗ್ಲಿ."

ಹಾರವಿಲ್ಲದೆ, ಮೇಳವಿಲ್ಲದೆ, ಬೀದಿಯ ಜನವೆಲ್ಲ ಗುಸುಗುಸು ಎನ್ನುತ್ತಾ ನಮ್ಮ ಹಿಂದೆ ಬಂದರು. ಬಿಸಿಲು ಮರದ ತುದಿಯಲ್ಲಿತ್ತು. ಅಕ್ಕ ತನ್ನ ಜಾಗದಲ್ಲಿ ಕೂತಳು. ಬಗ್ಗಿದಳು. ನಾನು ಏನೇನೋ ಹೇಳಬೇಕೆಂದುಕೊಂಡು ಬಂದಿದ್ದೆ, ಓಲೆ ನೋಡು, ಮೂಗುತಿ ನೋಡು, ನನ್ನ ಮುಖ ನೋಡು ಎಂದು. ಒಂದೂ ಹೇಳಬೇಕಾಗಲಿಲ್ಲ. ಅವಳು ನೋಡುತ್ತಲೇ ಇದ್ದಳು. ಬಹಳ ಹೊತ್ತು ನೋಡಿದಳು.

"ಇದು ಅವರ ಬಾಯಿ," ಎಂದಳು.

ಬೆರಳನ್ನು ನೀರಿನ ಮೇಲೆ ಹಿಡಿದು ಜಾರಿದ ಆ ಅಂಚನ್ನು ತೋರಿಸಿದಳು.

"ನಾನು ಗಂಜಿ ಕುಡಿಸ್ತಿದ್ದ ಬಾಯಿ ಇದು. ನನಗೆ ಗೊತ್ತಾಗಲ್ವಾ?" ಅವಳ ಧ್ವನಿ ಅವಳದೇ ಅನ್ನಿಸಲಿಲ್ಲ, ಅಷ್ಟು ಮೆತ್ತಗಿತ್ತು. "ಅವರಿಗೂ ಹೀಗೇ ಬಂದು ಹೋಗಿತ್ತು. ಆವತ್ತು ಬೆಳಗ್ಗೆ ಅಂಗಿ ಗುಂಡಿ ಹಾಕ್ಕೊಳ್ಳೋಕೆ ಆಗ್ತಿಲ್ಲ ಕಣೆ ಅಂದಿದ್ರು, ಆಮೇಲೆ ಅವರೇ ಹಾಕ್ಕೊಂಡ್ರು. ನಾನು ಮನೆ ಮನೆಗೆ ಹೋಗಿ ಬೆಲ್ಲ ಹಂಚಿದೆ. ಒಂದು ಇಡೀ ದಿನ ಇತ್ತು ನನ್ನ ಕೈಲಿ. ಒಂದು ಇಡೀ ದಿನ."

ನಾನು ಅವಳ ಭುಜ ಹಿಡಿದುಕೊಂಡೆ. ಅವಳು ನೀರಿನಿಂದ ಕಣ್ಣು ತೆಗೆಯದೆ ನನಗೆ ಮಾತ್ರ ಕೇಳುವಂತೆ ಹೇಳಿದಳು, "ಬೆಳಗ್ಗೆ ತಂಬಿಗೆ ಬಿತ್ತಲ್ಲ, ನಾನು ಹಿಡ್ಕೊಂಡೇ ಇದೀನಿ ಅಂದ್ಕೊಂಡಿದ್ದೆ ಕಣೆ. ಬಿದ್ದ ಸದ್ದು ಕೇಳಿದ ಮೇಲೂ ಹಿಡ್ಕೊಂಡೇ ಇದೀನಿ ಅನ್ನಿಸ್ತಿತ್ತು. ನಾಲಿಗೆ ಯಾರದೋ ತಂದು ಇಟ್ಟ ಹಾಗಿತ್ತು. ಹೇಳಿದ್ರೆ ನೀನು ನಗ್ತೀಯ ಅಂತ ಹೇಳಲಿಲ್ಲ."

ಹಿಂದೆ ಕಲ್ಲಿನ ಮೇಲೆ ಹಿತ್ತಾಳೆ ಇಟ್ಟ ಸದ್ದಾಯಿತು. ಸಣ್ಣತಮ್ಮಯ್ಯ ತಟ್ಟೆ ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದರು. "ನಮ್ಮವ್ವನಿಗೂ..." ಎಂದರು. ಅವರ ತಾಯಿಗೆ ನೀರು ನಕ್ಕಾಗ ಅವರೇ ತಟ್ಟೆ ಬಾರಿಸಿದ್ದರು. ಗುಂಪಿನಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಬಾಯಿಗೆ ಸೆರಗು ಹಿಡಿದುಕೊಂಡರು. ಒಬ್ಬೊಬ್ಬರಿಗೂ ತಮ್ಮ ತಮ್ಮ ಮನೆಯ ಒಂದೊಂದು ಬೆಲ್ಲದ ದಿನ ನೆನಪಾಗುತ್ತಿತ್ತು. ಸಣ್ಣತಮ್ಮಯ್ಯನೇ ಮೊದಲು ಎದ್ದರು. "ನಿಂತ್ಕೊಂಡು ಏನ್ರೋ ನೋಡ್ತೀರಾ? ಹಾಲಿನ ಟೆಂಪೋ ಹೊರಡೋಕೆ ಮುಂಚೆ ತಡೀರಿ!" ಎಂದು ಕೂಗಿದ ಕೂಗಿಗೆ ಹೊಂಗೆ ಮರದ ಹಕ್ಕಿಗಳೆಲ್ಲ ಹಾರಿದವು.

ಟೆಂಪೋ ಓಡಿಸುವ ದಸ್ತಗೀರ್ ಸಾಬಿ ಹಾಲಿನ ಕ್ಯಾನುಗಳನ್ನೆಲ್ಲ ರಸ್ತೆಬದಿಗೆ ಇಳಿಸಿ ನಮ್ಮಿಬ್ಬರನ್ನು ಮುಂದೆ ಕೂರಿಸಿಕೊಂಡ. ದಾರಿಯುದ್ದಕ್ಕೂ ನಾನು ತಿರುಗಿ ತಿರುಗಿ ಅವಳ ಮುಖ ನೋಡುತ್ತಿದ್ದೆ. ಅಷ್ಟು ವರ್ಷ ಪಕ್ಕದಲ್ಲಿ ಕೂತರೂ ಅವಳ ಗಲ್ಲದ ಮೇಲೆ ಒಂದು ಮಚ್ಚೆ ಇರುವುದನ್ನು ನಾನು ನೋಡಿದ್ದು ಆವತ್ತೇ.

ಪಕ್ಕದ ಪಟ್ಟಣದ ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರಮ್ಮ ಇದ್ದರು, ಚಿಕ್ಕ ವಯಸ್ಸು, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ನಾವು ಕೊಳದ ವಿಷಯ ಹೇಳಲಿಲ್ಲ. ಬೆಳಗ್ಗೆ ಹೀಗೆ ಹೀಗೆ ಆಯಿತು, ಕಾಫಿ ಕುಡಿಯುವ ಹೊತ್ತಿಗೆ ಸರಿಹೋಯಿತು ಎಂದಷ್ಟೇ ಹೇಳಿದೆವು. ಸರಿಹೋಯಿತಲ್ಲ ಮನೆಗೆ ಹೋಗಿ ಎನ್ನುತ್ತಾರೇನೋ ಅಂದುಕೊಂಡಿದ್ದೆ. ಅವರು ತಟ್ಟನೆ ಎದ್ದು ನಿಂತರು.

"ನಗಿ ನೋಡೋಣ. ಎರಡೂ ಕೈ ಮುಂದೆ ಚಾಚಿ, ಕಣ್ಣು ಮುಚ್ಚಿ, ಇಳಿಸಬೇಡಿ. ಈಗ ಏನಾದ್ರೂ ಒಂದು ಮಾತು ಹೇಳಿ, ಪೂರ್ತಿ ಹೇಳಿ."

ಅಕ್ಕ ಕೈ ಚಾಚಿಕೊಂಡೇ ಹೇಳಿದಳು, "ಇವಳು ನನ್ನ ಓರಗಿತ್ತಿ ಪುಟ್ಟತಾಯಮ್ಮ, ಊರಿಗೆಲ್ಲ ದೊಡ್ಡ ಬಾಯಿಬಡುಕಿ."

"ಮಾತು ಚೆನ್ನಾಗಿಯೇ ಇದೆ," ಎಂದು ಡಾಕ್ಟರಮ್ಮ ನಕ್ಕರು. ಆಮೇಲೆ ಕೂರಿಸಿಕೊಂಡು ಬಿಡಿಸಿ ಹೇಳಿದರು. ಮೆದುಳಿಗೆ ಹೋಗುವ ರಕ್ತದ ದಾರಿಯಲ್ಲಿ ಒಂದು ಚೂರು ಹೆಪ್ಪು ಸಿಕ್ಕಿಕೊಂಡಿತ್ತು, ತಾನೇ ಕರಗಿತು. ಮುಂದಿನ ಸಲ ಕರಗದೇ ಹೋಗಬಹುದು, ಆ ಮುಂದಿನ ಸಲ ಇವತ್ತೇ ಇರಬಹುದು, ನಾಳೆಯೇ ಇರಬಹುದು. "ಬಂದು ಹೋಯ್ತಲ್ಲ ಅಂತ ಜನ ಸುಮ್ಮನಾಗ್ತಾರೆ. ಬಂದು ಹೋದಾಗಲೇ ಓಡಿ ಬರಬೇಕು. ನೀವು ಬಂದ್ರಲ್ಲ, ಯಾರಮ್ಮ ನಿಮಗೆ ಹೇಳಿದ್ದು?"

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. "ನಮ್ಮೂರಲ್ಲಿ ಒಬ್ರು ಹಿರೀಕರಿದ್ದಾರೆ," ಎಂದಳು ಅಕ್ಕ.

ಮಾರನೆಯ ದಿನ ಅದು ಮತ್ತೆ ಬಂತು. ಅಕ್ಕ ಮಂಚದ ಮೇಲೆ ಕೂತು ಆಸ್ಪತ್ರೆಯ ಉಪ್ಪಿಟ್ಟನ್ನು ಬೈಯುತ್ತಿದ್ದಳು. ಬೈಗುಳದ ನಡುವೆ ಮಾತು ಕಲಸಿಹೋಯಿತು. ಚಮಚ ಬಿತ್ತು. ನನ್ನ ಕಣ್ಣೆದುರೇ, ಮೂಗುತಿ ಇರುವ ಕಡೆ ಅವಳ ಬಾಯಿ ಕೆಳಗಿಳಿಯಿತು, ಕೆನ್ನೆ ಜೋತುಬಿದ್ದಿತು. ಕೊಳ ಕಂಡದ್ದನ್ನು ಈಗ ನಾನೇ ಕಂಡೆ. ನಾನು ಕಿರುಚಿದ್ದಕ್ಕೆ ಇಡೀ ವಾರ್ಡು ಓಡಿ ಬಂತು. ಈ ಸಲ ಅದು ತಾನಾಗಿ ಕರಗಲಿಲ್ಲ. ಅವಳನ್ನು ತಳ್ಳಿಕೊಂಡು ಒಳಗೆ ಹೋದರು, ತಲೆಯ ಫೋಟೋ ತೆಗೆದರು, ಸೂಜಿ ಚುಚ್ಚಿ ಔಷಧಿ ಹರಿಸಿದರು. ನಾನು ಹೊರಗೆ ಗೋಡೆಗೆ ಒರಗಿ, ದೇವರೇ, ಅವಳು ಜೀವನವಿಡೀ ನನ್ನನ್ನು ಬೈಯಲಿ, ಒಂದಕ್ಕೂ ತಿರುಗಿ ಮಾತಾಡಲ್ಲ ಎಂದು ಹರಕೆ ಹೊತ್ತೆ. ಸಂಜೆಯ ಹೊತ್ತಿಗೆ ಒಳಗೆ ಕರೆದರು. ಅಕ್ಕ ಕಣ್ಣು ಬಿಟ್ಟುಕೊಂಡು ಮಲಗಿದ್ದಳು. ನನ್ನನ್ನು ನೋಡಿ ತುಟಿ ಅಲುಗಿಸಿದಳು. ಬಗ್ಗಿ ಕಿವಿ ಕೊಟ್ಟೆ.

"ಉಪ್ಪಿಟ್ಟಿಗೆ... ಉಪ್ಪೇ ಇರ್ಲಿಲ್ಲ," ಎಂದಳು.

ಊರಲ್ಲೇ ಇದ್ದಿದ್ದರೆ, ಹಾರ ಹಾಕಿಕೊಂಡು ಮೇಳದ ಜೊತೆ ಹೋಗಿ ಬಂದು ಮಲಗಿದ್ದಿದ್ದರೆ ಏನಾಗುತ್ತಿತ್ತು ಎಂದು ಡಾಕ್ಟರಮ್ಮ ಹೇಳಲಿಲ್ಲ. ನಾನೂ ಕೇಳಲಿಲ್ಲ. ಬಾವನ ಹಾಸಿಗೆ ನನ್ನ ಕಣ್ಣ ಮುಂದೆಯೇ ಇತ್ತು.

ಕೈಗೆ ಬಲ ಬಂದು, ಅವಳು ನನ್ನನ್ನು ಹಿಡಿದು ನಡೆಯುವಂತಾದ ಮೇಲೆ ನಾವು ಊರಿಗೆ ಮರಳಿದೆವು. ದಸ್ತಗೀರ್ ಸಾಬಿಯ ಟೆಂಪೋ ಮನೆಯ ಕಡೆ ತಿರುಗಲಿಲ್ಲ, ನೇರ ಕೊಳದ ಕಡೆ ಹೋಯಿತು. ಯಾಕಪ್ಪಾ ಎಂದರೆ, "ನೀವೇ ನೋಡ್ರಮ್ಮ," ಎಂದ. ಸಂಜೆಯಾಗುತ್ತಿತ್ತು. ಮೆಟ್ಟಿಲ ತುಂಬ ಜನ ನಿಂತಿದ್ದರು. ನನ್ನ ಗಂಡ ಬಂದು ಅಕ್ಕನ ಕೈ ಹಿಡಿದು ಇಳಿಸಿದರು. "ಅತ್ತಿಗೆ, ನೀವು ಹೋದ ದಿನ ದೀಪ ಹಚ್ಚಿದಾಗ ಎಲ್ಲರ ಮುಖವೂ ಇಳಿದು ಹೋಯ್ತು. ನಿಮ್ಮದು ಹೋಗಲಿಲ್ಲ."

ಹೊಂಗೆ ಮರದ ಕೆಳಗೆ, ಅವಳ ಜಾಗದಲ್ಲಿ, ಅವಳ ಆ ದಿನದ ಮುಖ ಇನ್ನೂ ಇತ್ತು. ಇಷ್ಟು ದಿನ, ಇಷ್ಟು ರಾತ್ರಿ. ಮೀನು ಹಾದರೂ ಅಲುಗಿರಲಿಲ್ಲ, ಗಾಳಿಗೂ ಅಲುಗಿರಲಿಲ್ಲ. ಊರಿನ ಹಿರಿಕಿರಿಯರೆಲ್ಲ ದಿನಾ ಬಂದು ಅದರ ಪಕ್ಕದಲ್ಲಿ ಕೂತು, ಬಾಯಿ ಎಲ್ಲಿ ಜಾರಿದೆ, ಕಣ್ಣು ಹೇಗಿದೆ ಎಂದು ನೋಡಿ ನೋಡಿ ಕಲಿತಿದ್ದರಂತೆ. ಶಾಲೆಯ ಮೇಷ್ಟ್ರು ಮಕ್ಕಳನ್ನು ಸಾಲಾಗಿ ಕರೆತಂದು ತೋರಿಸಿದ್ದರಂತೆ. ಒಂದು ಮಗುವೂ ನಗಲಿಲ್ಲವಂತೆ. ಎಷ್ಟೋ ತಲೆಮಾರು ನಮಗೆ ಅರ್ಥವಾಗದಿದ್ದರೂ ನೀರು ಬೇಸರಪಟ್ಟಿರಲಿಲ್ಲ. ಒಮ್ಮೆ ಅರ್ಥವಾಯಿತು ಎಂದು ಗೊತ್ತಾದ ಮೇಲೆ, ಎಲ್ಲರಿಗೂ ಅರ್ಥವಾಗುವವರೆಗೆ ಹಿಡಿದುಕೊಂಡೇ ಕಾದಿತ್ತು.

"ಥೂ, ಈ ಮೂತೀನ ಇಷ್ಟು ದಿನ ಊರೆಲ್ಲ ನೋಡ್ತಾ?" ಎಂದಳು ಅಕ್ಕ. ಯಾರೂ ನಗಲಿಲ್ಲ. ಅವಳು ನನ್ನ ಹೆಗಲು ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಕೂತಳು. ಬಗ್ಗಿದಳು. ಸೊಟ್ಟ ಮುಖದ ಪಕ್ಕದಲ್ಲಿ ನೆಟ್ಟಗಿನ ಮುಖ ಬಂತು, ಸ್ವಲ್ಪ ಬಡವಾಗಿತ್ತು, ಅಷ್ಟೇ. ಅವಳು ನೀರಿಗೆ ಕೈ ಅದ್ದಿ, ಕೂಸಿನ ಕೆನ್ನೆ ಸವರುವ ಹಾಗೆ ಸವರಿದಳು. "ಹೋಗವ್ವಾ, ಸಾಕು. ನಾನು ಬಂದೆ," ಎಂದಳು. ಊರಿನಲ್ಲಿ ಯಾರ ಮನೆಯಲ್ಲೂ ಇನ್ನೂ ದೀಪ ಹಚ್ಚಿರಲಿಲ್ಲ. ಆ ಹಳೆಯ ಮುಖ ಮಾತ್ರ ನಿಧಾನವಾಗಿ, ತಲೆಬಾಗಿದಂತೆ, ನೀರಿನೊಳಗೆ ಇಳಿದು ಹೋಯಿತು. ಸಣ್ಣತಮ್ಮಯ್ಯ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಕೈಮುಗಿದರು.

ಈಗ ನಮ್ಮೂರಿನ ಮರ್ಯಾದೆ ಬದಲಾಗಿದೆ. ಮುಖ ಇಡುವ ಮೊದಲು ಪಕ್ಕದವರ ಕಡೆ ತಿರುಗಿ ನೋಡಬೇಕು. ನೀರಿಗೆ ಮಾತ್ರ ಬಿಡುವಂತಿಲ್ಲ. ನಗಿಸಿ ನೋಡಬೇಕು, ಎರಡೂ ಕೈ ಎತ್ತಿಸಿ ನೋಡಬೇಕು, ನಾಲ್ಕು ಮಾತಾಡಿಸಿ ಕೇಳಬೇಕು. ಸೊಟ್ಟ ಕಂಡರೆ ಸಣ್ಣತಮ್ಮಯ್ಯ ಈಗಲೂ ತಟ್ಟೆ ಬಾರಿಸುತ್ತಾರೆ, ಆದರೆ ದಸ್ತಗೀರ್ ಸಾಬಿಯ ಮನೆಯ ಮುಂದೆ. ಗಂಡ ಹೆಂಡತಿ ದಿನಕ್ಕೊಮ್ಮೆಯಾದರೂ ಮುಖ ಮುಖ ನೋಡಿಕೊಳ್ಳುವಂತಾಯಿತು ಎಂದು ಕೆಲವರು ಗೊಣಗುತ್ತಾರೆ.

ನಾನು ಹರಕೆ ತೀರಿಸಿಲ್ಲ. ಮನೆಗೆ ಬಂದ ಮಾರನೆಯ ದಿನವೇ ಮಾತ್ರೆ ನುಂಗುವ ವಿಷಯಕ್ಕೆ ನಮಗಿಬ್ಬರಿಗೂ ಜೋರು ಜಗಳವಾಯಿತು. ಅದರ ಮರುದಿನ ಬೆಳಗ್ಗೆ ಇಬ್ಬರೂ ಮಾತಿಲ್ಲದೆ ಹೋಗಿ ಮೆಟ್ಟಿಲ ಮೇಲೆ ಕೂತೆವು. ಹೊಸ ಮರ್ಯಾದೆ ಇದೆಯಲ್ಲ, ಬಿಡುವಂತಿಲ್ಲ. ಅಕ್ಕ ಸೋತಿದ್ದ ಆ ಕೈಯಿಂದಲೇ ನನ್ನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಹಿಡಿತ ಬಿಗಿಯಾಗಿತ್ತು, ಸ್ವಲ್ಪ ನೋಯುವಷ್ಟೇ ಬಿಗಿ.

"ನಗು," ಎಂದಳು.

ನಾನು ನಗಲು ಹೋದೆ. ಆ ಬೆರಳುಗಳ ಬಲ ಗದ್ದಕ್ಕೆ ತಾಕುತ್ತಿದ್ದ ಹಾಗೇ ಕಣ್ಣು ತುಂಬಿ, ಮುಖವೆಲ್ಲ ಕದಡಿಹೋಯಿತು.

"ಅಳ್ಬೇಡ್ವೇ," ಎಂದಳು ಅಕ್ಕ, ಗದ್ದ ಬಿಡದೆ. "ಅತ್ರೆ ಎಲ್ಲರ ಮೂತೀನೂ ಸೊಟ್ಟಗೇ ಕಾಣುತ್ತೆ. ನನಗೆ ಹೇಗೆ ಗೊತ್ತಾಗ್ಬೇಕು?"